ಶಾಲೆಯ ಗೋಡೆಯ ಕಪ್ಪು ಚೌಕ ನೋಡಲು ನ್ಯಾಮತಿಗೆ ಹೋದದ್ದು

ಗುರುವಾರ ಬೆಳಿಗ್ಗೆ ಆರೂವರೆಗೆ ಜಗಳೂರು ಬಸ್ ನಿಲ್ದಾಣಕ್ಕೆ ಬಂದೆ. ಕುರಿಗಳನ್ನು ಹಿಂದಿನ ದಿನವೇ ಮೈದುನನ ಸೊಸೆಗೆ ಒಪ್ಪಿಸಿದ್ದೆ. ಚೀಲದಲ್ಲಿ ಎರಡು ಸೀರೆ, ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಆಧಾರ್ ಕಾರ್ಡು ಇದ್ದವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಕಾರ್ಡು ತೋರಿಸಿದರೆ ಸೊನ್ನೆ ಬರೆದ ಚೀಟಿ ಕೊಡುತ್ತಾರೆ. ಬಿಟ್ಟಿ ಕೊಡುವುದಕ್ಕೂ ಚೀಟಿ ಯಾಕೆ ಎಂದು ನನಗೆ ಈಗಲೂ ತಿಳಿದಿಲ್ಲ. ಕಂಡಕ್ಟರನ್ನು ಕೇಳಿದರೆ "ಇಟ್ಕೊಳ್ಳಮ್ಮ, ಕೇಳಿದ್ರೆ ತೋರ್ಸು" ಎಂದ. ಯಾರು ಕೇಳುತ್ತಾರೆ ಎಂದು ಅವನೂ ಹೇಳಲಿಲ್ಲ.

ನಾನು ಹೊರಟದ್ದು ತಂಗಿಯ ಮಗಳು ಶೈಲಾಳ ಹತ್ತಿರಕ್ಕೆ. ಅವಳ ಮನೆ ಹೊನ್ನಾಳಿಯಲ್ಲಿ. ನ್ಯಾಮತಿ ಆಚೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ಸೋಮವಾರ ಫೋನ್ ಮಾಡಿದ್ದಳು.

"ದೊಡ್ಡವ್ವ, ಶನಿವಾರ ನಮ್ಮ ಶಾಲೆಯಾಗೆ ಮೀಟಿಂಗ್ ಐತೆ. ನಾನು ಗೋಡೆಗೆ ಹಚ್ಚಿರೋ ಕ್ಯೂಆರ್ ಕೋಡ್ ಹಾಳೆ ಎಲ್ಲ ಕಿತ್ತು ಹಾಕ್ಬೇಕು ಅಂತಿದಾರೆ. ನೀನು ಬಾ. ನಿನ್ನಂಗೆ ವಯಸ್ಸಾದ ಮೇಲೆ ಅಕ್ಷರ ಕಲಿತೋರು ಹೇಳಿದ್ರೆ ಹೆಂಗಸರು ಕೇಳ್ತಾರೆ."

"ಏನಂತ ಹೇಳ್ಲಿ?"

"ಅದ್ರಾಗೆ ಮೋಸ ಇಲ್ಲ ಅಂತ."

"ನೋಡದೆ ಇರೋದನ್ನ ಹೆಂಗೆ ಹೇಳ್ಲಿ? ಬಂದು ನೋಡ್ತೀನಿ. ಮೋಸ ಐತೆ ಅನ್ನಿಸಿದ್ರೆ ಅಲ್ಲೇ ಎಲ್ಲರ ಮುಂದೆ ಹಂಗೇ ಹೇಳ್ತೀನಿ."

ಅವಳು "ಆಯ್ತು, ಬಾ" ಎಂದಳು.

ನನಗೆ ಆ ಚೌಕದ ಪರಿಚಯ ಇಲ್ಲದೇ ಇಲ್ಲ. ಬಸ್ ನಿಲ್ದಾಣದ ಮಂಡಕ್ಕಿ ಅಂಗಡಿಯಲ್ಲಿ ಅಂಥದ್ದೊಂದನ್ನು ತೂಗುಹಾಕಿದ್ದಾರೆ. ಹುಡುಗರು ಬಂದು ಅದಕ್ಕೆ ಫೋನ್ ಹಿಡಿಯುತ್ತಾರೆ, ದುಡ್ಡು ಹೋಗುತ್ತದೆ. ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಇರುವೆ ಮುತ್ತಿದ ಹಾಗೆ ಕಪ್ಪು ಚುಕ್ಕಿಗಳು, ಅಷ್ಟೇ. ದುಡ್ಡು ಎಳೆದುಕೊಳ್ಳುವ ವಸ್ತುವಿಗೆ ಶಾಲೆಯ ಗೋಡೆಯ ಮೇಲೆ ಏನು ಕೆಲಸ? ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಒಮ್ಮೆ ಹೊಲದ ಬದು ಕಳೆದುಕೊಂಡವಳು ನಾನು. ಆಮೇಲೆ ರಾತ್ರಿ ಶಾಲೆಗೆ ಹೋಗಿ ಅ ಆ ಇ ಈ ತಿದ್ದಿದೆ. ಒತ್ತಕ್ಷರ ಈಗಲೂ ತೊಡಕು. ಆದರೆ ಬಸ್ಸಿನ ಬೋರ್ಡು ಓದುತ್ತೇನೆ, ಔಷಧಿ ಚೀಟಿಯ ಮೇಲಿನ ಹೆಸರು ನನ್ನದೋ ಅಲ್ಲವೋ ನೋಡುತ್ತೇನೆ. ಇಷ್ಟು ಕಲಿತ ಮೇಲೆ ಈಗ ಯಾರ ಕಣ್ಣಿಗೂ ಓದಲು ಬಾರದ ಬರಹವನ್ನು ಮಕ್ಕಳ ಮುಂದೆ ಹಚ್ಚುತ್ತಾರೆ ಎಂದರೆ ನನಗೆ ಸರಿ ಕಾಣಲಿಲ್ಲ.

ದಾವಣಗೆರೆವರೆಗೆ ರಸ್ತೆಯ ಒಂದು ಮಗ್ಗುಲಿಗೆ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸು ಅದನ್ನು ತಪ್ಪಿಸಿ ತಪ್ಪಿಸಿ ಹೋಗಬೇಕಾಯಿತು. ದಾವಣಗೆರೆಯಲ್ಲಿ ಚಹ ಕುಡಿದು, ತ್ಯಾವಣಿಗೆ ಮೇಲೆ ಚನ್ನಗಿರಿಗೆ ಹೋಗುವ ಬಸ್ಸು ಹಿಡಿದೆ. ಶೈಲಾ ಅವತ್ತು ಚನ್ನಗಿರಿಯಲ್ಲಿ ಟೀಚರುಗಳ ತರಬೇತಿಗೆ ಬಂದಿದ್ದಳು. ಅದೂ ಇದೇ ಚೌಕದ ತರಬೇತಿ. "ಅಲ್ಲಿಗೇ ಬಾ, ಸಂಜೆ ಜೊತೆಗೆ ಹೋಗಾಣ" ಎಂದಿದ್ದಳು.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ತ್ಯಾವಣಿಗೆಯ ಹೆಂಗಸು. ಮೊಮ್ಮಗನಿಗೆ ಪೇಟೆಯಿಂದ ಸ್ವೆಟರ್ ತಂದಿದ್ದಳು. ಎಲ್ಲಿಗೆ, ಯಾಕೆ ಎಂದು ಕೇಳಿದಳು. ಹೇಳಿದೆ.

"ಶಾಲೆ ಗೋಡೆಗಾ? ಫೀಸು ವಸೂಲಿಗಿರಬೇಕು."

"ಸರ್ಕಾರಿ ಶಾಲೆಗೆ ಎಂಥ ಫೀಸವ್ವ?"

"ಈಗ ಇಲ್ಲ. ಮೊದ್ಲು ಚೌಕ ಹಚ್ತಾರೆ. ಆಮೇಲೆ ಫೀಸು ತರ್ತಾರೆ. ನಮ್ಮ ಮನಿಗೆ ನಲ್ಲಿ ಮೊದ್ಲು ಬಂತು, ನೀರಿನ ಬಿಲ್ಲು ಹಿಂದೆ ಬಂತು."

"ನೀರು ಬರ್ತೈತಾ?"

"ಬರ್ತೈತೆ, ಬಿಡು."

ಅವಳ ಮಾತು ತಲೆಯಲ್ಲಿ ಕೂತಿತು. ತ್ಯಾವಣಿಗೆಯಲ್ಲಿ ಇಳಿಯುವಾಗ ಅವಳು ಕಿಟಕಿಯ ಹೊರಗಿನಿಂದ, "ನಿನ್ನ ತಂಗಿ ಮಗಳಿಗೆ ಕಮಿಷನ್ ಏನಾರ ಕೊಡ್ತಾರಾ ಕೇಳು" ಎಂದು ಕೂಗಿ ಹೋದಳು. ಅದನ್ನು ಕೇಳಬೇಕು ಎಂದು ನಾನೂ ಅಂದುಕೊಂಡೆ. ಅಲ್ಲಿಂದ ಮುಂದೆ ಕಾಲುವೆ ನೀರಿನ ಸೀಮೆ. ಗದ್ದೆ ಹಸಿರಾಗಿತ್ತು. ನಮ್ಮ ಕಡೆಯ ಕಣ್ಣಿಗೆ ಆ ಹಸಿರೂ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ.

ಚನ್ನಗಿರಿ ಮುಟ್ಟಿದಾಗ ಹನ್ನೊಂದಾಗಿತ್ತು. ಬಸ್ ಇಳಿದ ಕೂಡಲೇ ಅಡಿಕೆ ಮಂಡಿಯ ವಾಸನೆ ಮೂಗಿಗೆ ಬಂತು. ಗುಡ್ಡದ ಮೇಲಿನ ಕೋಟೆ ನೋಡಲು ನನಗೆ ಮೊಣಕಾಲಿಲ್ಲ. ಕೇಳಿಕೊಂಡು ತರಬೇತಿಯ ಕಟ್ಟಡಕ್ಕೆ ಹೋದೆ. ಶೈಲಾ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, "ಸುಮ್ನೆ ಕೂತಿರು ದೊಡ್ಡವ್ವ, ಮಾತಾಡಬ್ಯಾಡ" ಎಂದಳು. ಮೂವತ್ತು ನಲವತ್ತು ಜನ ಟೀಚರುಗಳು, ಮೇಷ್ಟರುಗಳು. ಮುಂದೆ ನಿಂತು ಹೇಳಿಕೊಡುವವನು ಕನ್ನಡಕದ ಹುಡುಗ, ತೆಳ್ಳಗಿದ್ದ.

ಅವನು ಹೇಳಿದ್ದು ನನಗೆ ತಿಳಿದಷ್ಟು ಇದು. ಮೊದಲು ಟೀಚರು ತನ್ನ ದನಿಯನ್ನು ಫೋನಿನಲ್ಲಿ ಹಿಡಿದಿಡಬೇಕು. ಅದನ್ನು ಇಂಟರ್‌ನೆಟ್ಟಿನಲ್ಲಿ ಒಂದು ಜಾಗದಲ್ಲಿ ಇಡಬೇಕು. ಯಾರು ಬೇಕಾದರೂ ತೆರೆಯಲಿ ಎಂದು ಅನುಮತಿಯನ್ನೂ ಕೊಡಬೇಕು. ಕೊಡದಿದ್ದರೆ ಬೀಗ ಹಾಕಿದ ಮನೆಯ ವಿಳಾಸ ಕೊಟ್ಟಂತೆ. ಆ ಜಾಗದ ವಿಳಾಸವನ್ನು ಫೋನಿನಲ್ಲೇ ಚೌಕ ಮಾಡಿ, ಅಂಗೈಯಗಲ ಕಾಗದದಲ್ಲಿ ತೆಗೆಸಿ ಗೋಡೆಗೆ ಹಚ್ಚಬೇಕು. ಹಚ್ಚಿದ ಮೇಲೆ ತನ್ನ ಫೋನಿನಲ್ಲಲ್ಲ, ಬೇರೆಯವರ ಫೋನಿನಲ್ಲಿ ಹಿಡಿದು ನೋಡಬೇಕು. ಚೌಕ ಒಂದೇ ಇದ್ದರೂ ಒಳಗಿನ ದನಿಯನ್ನು ದಿನಾ ಬದಲಾಯಿಸಬಹುದಂತೆ.

ಅಲ್ಲಿಯವರೆಗೆ ಸುಮ್ಮನಿದ್ದೆ. ಆಮೇಲೆ ಕೈ ಎತ್ತಿದೆ. ಶೈಲಾ ತಲೆ ತಗ್ಗಿಸಿದಳು.

"ಏನಜ್ಜಿ?" ಎಂದ ಹುಡುಗ.

"ಆ ಚೌಕ ಬರೀ ಕಣ್ಣಿನಾಗೆ ನೋಡಿ ಏನೈತೆ ಅಂತ ಓದ್ತೀಯೇನಪ್ಪ?"

"ಇಲ್ಲಜ್ಜಿ. ಫೋನ್ ಬೇಕು."

"ನಿಮ್ಮ ದೊಡ್ಡ ಸಾಹೇಬರು ಓದ್ತಾರಾ?"

"ಯಾರೂ ಓದಾಕೆ ಆಗಲ್ಲ."

"ಹಂಗಾದ್ರೆ ಅದ್ರ ಮುಂದೆ ನೀವೆಲ್ಲ ಹೆಬ್ಬೆಟ್ಟೇ."

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಆದರೆ ಬಿಡಲಿಲ್ಲ. "ನಿಜ ಅಜ್ಜಿ. ಅದಕ್ಕೇ ಒಳಗೆ ಏನೈತೆ ಅಂತ ಕೆಳಗೆ ಕನ್ನಡದಾಗೆ ಬರೀರಿ ಅಂತ ಹೇಳ್ತೀನಿ. ಇನ್ನೊಂದು, ಬಾಗಿಲು ತೆಗೆಯೋಕೆ ಮೊದ್ಲು ಯಾರು ಅಂತ ಕೇಳ್ತೀರಲ್ಲ, ಹಂಗೆ. ಫೋನ್ ಹಿಡಿದ ಕೂಡ್ಲೆ ಒಂದು ವಿಳಾಸ ಕಾಣ್ತೈತೆ. ಅದನ್ನ ನೋಡಿ ಒತ್ತಬೇಕು. ನೋಡದೆ ಒತ್ತಬಾರ್ದು."

"ಆ ವಿಳಾಸ ಯಾವ ಭಾಷೆಯಾಗೆ ಇರ್ತೈತೆ?"

"ಇಂಗ್ಲಿಷು."

"ನನ್ನಂಥೋರು ಅದನ್ನ ನೋಡಿ ಏನು ಮಾಡಾದು?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಟೀಚರನ್ನ ನಂಬಬೇಕಾಗ್ತೈತೆ ಅಜ್ಜಿ" ಎಂದ. ಸುಳ್ಳು ಹೇಳದ ಹುಡುಗ. ಮಧ್ಯಾಹ್ನ ಚಿತ್ರಾನ್ನ, ಮೊಸರನ್ನ ಕೊಟ್ಟರು. ಚಿತ್ರಾನ್ನಕ್ಕೆ ಉಪ್ಪು ಸಾಲದಾಗಿತ್ತು.

ಸಂಜೆ ನಾಲ್ಕೂವರೆಗೆ ಸಾಸ್ವೆಹಳ್ಳಿ ಮೇಲೆ ಹೊನ್ನಾಳಿಗೆ ಹೋಗುವ ಖಾಸಗಿ ಬಸ್ಸು ಸಿಕ್ಕಿತು. ಅದಕ್ಕೆ ಟಿಕೆಟ್ಟಿತ್ತು. ಶೈಲಾಳೇ ಕೊಟ್ಟಳು. ಬಸ್ಸಿನಲ್ಲಿ ನಾನು ಮೊದಲು ಕೇಳಿದ್ದು ಕಮಿಷನ್ನಿನ ಮಾತು.

"ನನ್ನ ಕೈಯಿಂದಲೇ ಪ್ರಿಂಟಿಗೆ ದುಡ್ಡು ಕೊಟ್ಟೀನಿ ದೊಡ್ಡವ್ವ" ಎಂದು ಮುಖ ಊದಿಸಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ ತಾನೇ ಹೇಳತೊಡಗಿದಳು. ಅವಳ ಶಾಲೆಯ ಜಗಲಿಯ ಗೋಡೆಗೆ ಒಂದರಿಂದ ಐದನೇ ತರಗತಿವರೆಗೆ ತರಗತಿಗೊಂದು ಹಾಳೆ ಹಚ್ಚಿದ್ದಾಳೆ. ದಿನಾ ಶಾಲೆ ಬಿಡುವ ಹೊತ್ತಿಗೆ ಆಯಾ ತರಗತಿಯ ಮನೆಗೆಲಸವನ್ನು ಬಾಯಲ್ಲಿ ಹೇಳಿ ಅದರಲ್ಲಿ ಇಡುತ್ತಾಳೆ. ಓದು ಬಾರದ ತಾಯಂದಿರು ಬಂದು ಫೋನ್ ಹಿಡಿದರೆ, ಮಗು ಇವತ್ತು ಏನು ಬರೆಯಬೇಕು ಎಂದು ಕೇಳಿಸುತ್ತದೆ. ಪೋಷಕರ ಸಮಿತಿಯ ಅಧ್ಯಕ್ಷ ಪರಮೇಶಪ್ಪ ಎಂಬುವನು ಮೊದಲು ತಾನೇ ಬಂದು ಹಿಡಿದು ಕೇಳಿ ಹೋದನಂತೆ. ಮಾರನೇ ದಿನದಿಂದ ಅವನ ಫೋನಿಗೆ "ಸಾಲ ಬೇಕಾ, ಸಾಲ ಬೇಕಾ" ಎಂದು ಯಾರೋ ಕರೆ ಮಾಡತೊಡಗಿದರು. ಚೌಕ ತನ್ನ ನಂಬರನ್ನು ಕದ್ದು ಮಾರಿದೆ ಎಂದು ಊರೆಲ್ಲ ಹೇಳಿದ. ಶನಿವಾರ ಎಲ್ಲರ ಮುಂದೆ ಪರೀಕ್ಷೆ ಆಗಬೇಕು, ಮೋಸ ಕಂಡರೆ ಹಾಳೆ ಕೀಳಬೇಕು ಎಂದು ತೀರ್ಮಾನ ಮಾಡಿದ್ದಾರೆ.

"ಅವನು ಹೇಳಾದ್ರಾಗೂ ಅರ್ಥ ಐತೆ" ಎಂದೆ.

"ನೀನು ಯಾರ ಕಡೆ ದೊಡ್ಡವ್ವ?"

"ಇನ್ನೂ ಗೊತ್ತಿಲ್ಲ."

ಸಾಸ್ವೆಹಳ್ಳಿ ದಾಟುವಾಗ ಹೊತ್ತು ಮುಳುಗಿತು. ಹೊನ್ನಾಳಿಯಲ್ಲಿ ಹೊಳೆಯ ಗಾಳಿ ತಣ್ಣಗಿತ್ತು. ಶೈಲಾಳ ಗಂಡ ಬಿಸಿ ಮುದ್ದೆ, ಸೊಪ್ಪಿನ ಸಾರು ಮಾಡಿಟ್ಟಿದ್ದ. ಗಂಡಸು ಮಾಡಿದ ಮುದ್ದೆ ಗಂಟಾಗಿರುತ್ತದೆ ಎಂದು ಮುರಿದು ನೋಡಿದೆ. ಗಂಟಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊನ್ನಾಳಿಯಿಂದ ನ್ಯಾಮತಿಗೆ ಬಸ್ಸು, ಅಲ್ಲಿಂದ ಹಳ್ಳಿಗೆ ಆಟೋ. ಆಟೋದಲ್ಲಿ ಒಂಬತ್ತು ಜನ, ಒಂದು ಗೊಬ್ಬರದ ಚೀಲ. ಶಾಲೆ ಊರ ಮುಂದೆಯೇ ಇದೆ. ಹೆಂಚಿನ ಉದ್ದನೆಯ ಜಗಲಿ, ಬೀದಿಗೆ ತೆರೆದೇ ಇದೆ. ಗೋಡೆಯ ಮೇಲೆ ಐದು ಹಾಳೆ, ಕೆಳಗೆ "ಒಂದನೇ ತರಗತಿ ಮನೆಗೆಲಸ", "ಎರಡನೇ ತರಗತಿ ಮನೆಗೆಲಸ" ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅಷ್ಟನ್ನು ನಾನೇ ಓದಿದೆ.

ಬಿಸಿಯೂಟದ ಅಡುಗೆಮನೆಯಿಂದ ಒಬ್ಬಳು ಕೈ ಒರೆಸಿಕೊಳ್ಳುತ್ತ ಬಂದಳು. ಹೆಸರು ನೇತ್ರಾವತಿ. ಅಲ್ಲಿಯ ಅಡುಗೆಯವಳು. ಅವಳ ಮಗಳು ಕಾವ್ಯ ನಾಲ್ಕನೇ ತರಗತಿ.

"ಟೀಚರ್ ದೊಡ್ಡಮ್ಮನಾ ನೀವು? ಚೌಕ ಕೀಳಸಾಕೆ ಬಂದಿರೋ, ಉಳಸಾಕೆ ಬಂದಿರೋ?"

"ನೋಡಾಕೆ ಬಂದೀನಿ. ನಿನಗೇನಾಗ್ಬೇಕು?"

ಅವಳು ಜಗಲಿಯ ಅಂಚಿನಲ್ಲಿ ಕೂತಳು. "ನನಗೆ ಒಂದಕ್ಷರ ಬರಲ್ಲಮ್ಮ. ಹೋದ ವರ್ಷ ಪೂರಾ ಈ ಹುಡುಗಿ ನನಗೆ ಹಳೇ ಪುಟ ತೋರ್ಸಿ 'ಬರೆದಾತು' ಅಂದ್ಲು. ನಾನು ಹೌದೇನವ್ವ ಜಾಣೆ ಅಂದೆ. ಪರೀಕ್ಷೆಯಾಗೆ ನೋಡಿದ್ರೆ ಮಗ್ಗಿ ಬರಲ್ಲ, ಓದಾಕೆ ಬರಲ್ಲ. ಅವರಪ್ಪ, ಇವಳನ್ನ ಐದಕ್ಕೇ ಬಿಡಿಸಿ ಅಡಿಕೆ ಸುಲಿಯಾಕೆ ಕಳಸಾಣ ಅಂತಾನೆ. ಈಗ ಎರಡು ತಿಂಗಳಿಂದ ಏನು ಬರೀಬೇಕು ಅಂತ ನಾನು ಮೊದ್ಲೇ ಕೇಳಿಸ್ಕಂಡಿರ್ತೀನಿ. ಸುಳ್ಳು ಹೇಳಾಕೆ ಆಗಲ್ಲ ಅವಳಿಗೆ. ನಾಳೆ ಇದನ್ನ ಕಿತ್ರೆ, ಅವಳು ಮತ್ತೆ ಹಳೇ ಪುಟ ತೋರಿಸ್ತಾಳೆ, ನಾನು ಮತ್ತೆ ಜಾಣೆ ಅಂತೀನಿ."

ಅವಳ ಮಾತು ಕೇಳಿದೆ. ಆದರೆ ಮಾತು ಕೇಳಿ ನಾನು ಕುರಿಯನ್ನೂ ಕೊಂಡವಳಲ್ಲ. ಬಾಯಿ ಬಿಡಿಸಿ ಹಲ್ಲು ನೋಡಬೇಕು, ನಡೆಸಿ ಕಾಲು ನೋಡಬೇಕು. ಶಾಲೆ ಬಿಟ್ಟ ಮೇಲೆ ನಾನು ಶೈಲಾಳನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ಬಂದೆ. ಅವಳೇ ಮರೆಯಲ್ಲಿ ನಿಂತು ಮಾತಾಡಬಾರದು ಎಂದು. ನೇತ್ರಾವತಿಯ ಫೋನನ್ನು ನಾಲ್ಕನೇ ತರಗತಿಯ ಹಾಳೆಗೆ ಹಿಡಿಸಿದೆ. ಶೈಲಾಳ ದನಿ ಬಂತು: ಪಾಠ ಓದಿ, ಹೊಸ ಪದ ಬರೆಯಿರಿ. ಮತ್ತೆ ಶೈಲಾಳನ್ನು ಕರೆದು, "ಈಗ ಬೇರೆ ಏನಾದ್ರೂ ಇಡು" ಎಂದೆ. ಅವಳು ಫೋನಿನಲ್ಲಿ ಏನೋ ಮಾತಾಡಿ ಒತ್ತಿದಳು. ಮತ್ತೆ ಹಿಡಿಸಿದೆ. "ನಮ್ಮ ದೊಡ್ಡವ್ವನಿಗೆ ಸಂಶಯ ಬಹಳ" ಎಂದಿತು ಗೋಡೆ. ನೇತ್ರಾವತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಐದು ಹಾಳೆಗೂ ಹಿಡಿಸಿ ನೋಡಿದೆ. ಮೋಸ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ಆದರೆ ಕಂಡಿದ್ದನ್ನು ನಾಳೆ ಹೇಳಬಹುದು ಎಂದುಕೊಂಡೆ.

ಆಟೋ ಹತ್ತುವಾಗ ತಿರುಗಿ ನೋಡಿದೆ. ಬಿಳಿ ಪಂಚೆಯವನೊಬ್ಬ ಅತ್ತಿತ್ತ ನೋಡಿ ಜಗಲಿ ಹತ್ತಿ ಹಾಳೆಗಳ ಹತ್ತಿರ ನಿಂತ.

"ಯಾರೇ ಅವನು?"

"ಅವನೇ ಪರಮೇಶಪ್ಪ" ಎಂದಳು ಶೈಲಾ.

ಕಳ್ಳನ ಹಾಗೆ ಯಾಕೆ ನೋಡುತ್ತಾನೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಆಟೋ ಹೊರಟಿತು.

ಶನಿವಾರ ಅರ್ಧ ದಿನದ ಶಾಲೆ. ಹನ್ನೊಂದೂವರೆಗೆ ಸಭೆ. ಜಗಲಿಯ ತುಂಬ ಹೆಂಗಸರು, ಅಂಗಳದಲ್ಲಿ ಗಂಡಸರು. ಸೋಮವಾರಕ್ಕೆ ಬೇಕಾದ ಮನೆಗೆಲಸವನ್ನು ಶೈಲಾ ಆಗಲೇ ಹೇಳಿ ಇಟ್ಟಿದ್ದಳು. ಪರಮೇಶಪ್ಪ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡ. "ಟೀಚರಮ್ಮ ಒಳ್ಳೇರು, ಅದ್ರಾಗೆ ಮಾತಿಲ್ಲ. ಆದ್ರೆ ನಮ್ಮ ಹೆಣ್ಮಕ್ಕಳ ಫೋನ್ ನಂಬರ್ ಯಾರ್ಯಾರ ಕೈಗೋ ಹೋಗಬಾರ್ದು. ತೋರಿಸ್ರಿ, ಎಲ್ಲರೂ ನೋಡ್ಲಿ."

ಶೈಲಾ ಒಂದನೇ ತರಗತಿಯ ಹಾಳೆಗೆ ಫೋನ್ ಹಿಡಿದಳು. ಏನೂ ಬರಲಿಲ್ಲ. ಹತ್ತಿರ ಹಿಡಿದಳು, ದೂರ ಹಿಡಿದಳು. ಬರಲಿಲ್ಲ. ಎರಡನೆಯದಕ್ಕೆ ಹಿಡಿದಳು. ಮೂರನೆಯದಕ್ಕೆ ಹಿಡಿದಳು. ಐದೂ ಹಾಳೆ ಸತ್ತು ಕೂತಿದ್ದವು. ನೆಟ್‌ವರ್ಕ್ ಇಲ್ಲವೇನೋ ಎಂದು ಯಾರೋ ಅಂದರು. ಇತ್ತು, ಒಬ್ಬ ಆಗಲೇ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದ. ನೇತ್ರಾವತಿ ತನ್ನ ಫೋನ್ ಕೊಟ್ಟಳು. ಅದಕ್ಕೂ ಬರಲಿಲ್ಲ.

"ಮೊನ್ನೆ ಬರ್ತಿತ್ತು. ಪರೀಕ್ಷೆ ಅಂದ ಕೂಡ್ಲೆ ಬರಲ್ಲ. ಇದ್ರ ಅರ್ಥ ಏನು?" ಎಂದ ಪರಮೇಶಪ್ಪ. ಅಂಗಳದಲ್ಲಿ ನಗು ಎದ್ದಿತು. ಶೈಲಾ ಮತ್ತೆ ಒಂದನೆಯದಕ್ಕೇ ಹಿಡಿದಳು.

ನಾನು ಎದ್ದೆ. "ನಿನ್ನೆ ಸಂಜೆ ನಾನು ಐದಕ್ಕೂ ಹಿಡಿಸಿ ನೋಡೀನಿ. ಐದೂ ಮಾತಾಡಿದ್ವು. ನಾವು ಹೋದ ಮೇಲೆ ಇಲ್ಲಿ ಹತ್ತಿ ನಿಂತಿದ್ದೋನು ನೀನು. ಏನು ಮಾಡಿದಿಯಪ್ಪ ಹಾಳೆಗೆ?"

ಅವನು ಎದ್ದೇ ಬಿಟ್ಟ. "ಯಾವೂರಿನ ಅಜ್ಜಿ ಇದು? ಬಂದು ನನ್ನ ಮೇಲೆ ಕಳ್ಳತನ ಹೊರಿಸ್ತೈತಲ್ಲ!"

"ಜಗಳೂರು ಸೀಮೆದು. ಕೇಳಿದ್ದಕ್ಕೆ ಹೇಳು."

"ನಾನು ಮುಟ್ಟಿಲ್ಲ. ನಮ್ಮಪ್ಪನಾಣೆ ಮುಟ್ಟಿಲ್ಲ. ಫೋನ್ ಹಿಡಿದು ನೋಡಿದೆ. ಬರ್ತೈತೋ ಇಲ್ಲೋ ಅಂತ. ಬಂತು. ಸುಮ್ನೆ ಮನೆಗೆ ಹೋದೆ."

ಗದ್ದಲವಾಯಿತು. ಅವನ ಕಡೆಯವರು ಅವನ ಪರ, ನಾಲ್ಕು ಹೆಂಗಸರು ನನ್ನ ಪರ. ಅಷ್ಟರಲ್ಲಿ ಶೈಲಾ ಗೋಡೆಯ ಹತ್ತಿರ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. "ಇದನ್ನ ಯಾರು ಇಟ್ಟಿದ್ದು?" ಎಂದಳು.

ಹಾಳೆಗಳಿಗೆಲ್ಲ ವಿಭೂತಿ ಬಳಿದು ಕುಂಕುಮ ಇಟ್ಟಿತ್ತು. ನಾವು ಬೆಳಿಗ್ಗೆಯಿಂದ ಅದನ್ನೇ ನೋಡುತ್ತಿದ್ದೆವು. ಕಂಡೂ ಯಾರಿಗೂ ಕಾಣಲಿಲ್ಲ. ಶುಕ್ರವಾರದ ಪೂಜೆ ಕಳೆದ ಮಾರನೇ ಬೆಳಿಗ್ಗೆ ಶಾಲೆಯ ಗಂಟೆಗೂ ಕುಂಕುಮ, ಬಾಗಿಲಿಗೂ ಕುಂಕುಮ, ಕರಿಹಲಗೆಗೂ ಕುಂಕುಮ, ಒಲೆಗೂ ಕುಂಕುಮ. ಹಾಳೆಗೂ ಇದ್ದರೆ ಅದರಲ್ಲೇನು ವಿಶೇಷ?

ಎಲ್ಲರೂ ನೇತ್ರಾವತಿಯ ಕಡೆ ತಿರುಗಿದರು. ವಾರವಾರ ಪೂಜೆ ಮಾಡುವವಳು ಅವಳೇ.

"ನಾನೇ" ಎಂದಳು. ದನಿ ಸಣ್ಣದಾಗಿತ್ತು. "ನಿನ್ನೆ ದೀಪ ಹಚ್ಚೋ ಹೊತ್ನಾಗೆ, ನಾಳೆ ಪರೀಕ್ಷೆ ಐತೆ, ಒಳ್ಳೇದಾಗ್ಲಿ ಅಂತ ಇಟ್ಟೆ. ಮೂರು ಮೂಲೆಗೆ ಮೂರು ಮನೆ ಇದಾವಲ್ಲ, ಬೊಟ್ಟು ಇಡಾಕೆ ಬಿಟ್ಟಿರೋ ಜಾಗ ಅನ್ಕಂಡೆ. ನಾಲ್ಕನೇ ಮೂಲೆಗೆ ಮನೆ ಇಲ್ಲ, ಅಲ್ಲಿ ಇಟ್ಟಿಲ್ಲ."

ನೋಡಿದರೆ ಹಾಗೇ ಇತ್ತು. ಚೌಕದ ಮೂರು ಮೂಲೆಯಲ್ಲಿ ಒಂದೊಂದು ದಪ್ಪ ಪುಟ್ಟ ಚೌಕ. ಸರಿಯಾಗಿ ಅದರ ಮೇಲೆಯೇ, ತಪ್ಪದೆ, ಹದಿನೈದು ಬೊಟ್ಟು. ಆ ಮೂರನ್ನು ಕಂಡರೆ ಮಾತ್ರ ಫೋನಿಗೆ ಇದು ಚೌಕ ಎಂದು ಗುರುತು ಸಿಗುತ್ತದಂತೆ. ಶೈಲಾ ಅದನ್ನು ಎಲ್ಲರಿಗೂ ಹೇಳಿದಳು. "ನಡುವೆ ಇಟ್ಟಿದ್ರೆ ಪರವಾಗಿರ್ಲಿಲ್ಲ, ನೇತ್ರಾ" ಎಂದಳು.

"ಹಂಗಾದ್ರೆ ಒರೆಸಿ ತೋರ್ಸ್ರಿ" ಎಂದ ಪರಮೇಶಪ್ಪ.

ಶೈಲಾ ಕರವಸ್ತ್ರ ತೆಗೆದಳು. "ಅಯ್ಯೋ, ಪೂಜೆ ಮಾಡಿದ ಕುಂಕುಮ ಅಳಿಸ್ಬ್ಯಾಡ್ರೀ ಟೀಚರ್" ಎಂದಳು ಹಿಂದಿನಿಂದ ಒಬ್ಬಳು. "ಮಕ್ಕಳ ವಿದ್ಯೆಗೆ ಇಟ್ಟಿದ್ದು, ಅಳಿಸಿದ್ರೆ ಒಳ್ಳೇದಲ್ಲ" ಎಂದಳು ಇನ್ನೊಬ್ಬಳು. ಶೈಲಾಳ ಕೈ ಅಲ್ಲೇ ನಿಂತಿತು. ಓದಿದವಳು, ಆದರೂ ನಿಂತಿತು. ಪರಮೇಶಪ್ಪನನ್ನು ನೋಡಿದೆ. ಅವನು ಬೇರೆ ಕಡೆ ನೋಡಿದ. ನೇತ್ರಾವತಿ ಅಳುವುದರಲ್ಲಿದ್ದಳು. ಇಟ್ಟವಳೂ ಅವಳೇ, ಹಾಳೆ ಉಳಿಯಬೇಕಾದದ್ದೂ ಅವಳಿಗೇ, ಅಳಿಸಲು ಆಗದವಳೂ ಅವಳೇ.

"ಸರೀರಿ" ಎಂದೆ. "ನನ್ನ ಹಣೆಯದನ್ನ ಅಳಿಸಿ ಇಪ್ಪತ್ತು ವರ್ಷದ ಮೇಲಾತು. ಅವತ್ತು ಅಳಿಸಿದೋರು ಒಳ್ಳೇದೋ ಕೆಟ್ಟದ್ದೋ ಅಂತ ಯಾರನ್ನೂ ಕೇಳ್ಲಿಲ್ಲ. ಇದು ಕಾಗದ."

ಸೆರಗಿನ ತುದಿಗೆ ನೀರು ಹಚ್ಚಿಕೊಂಡು ಒರೆಸಿದೆ. ಒಂದನೇ ತರಗತಿಯ ಹಾಳೆಗೆ ಕುಂಕುಮ ಇಳಿದುಬಿಟ್ಟಿತ್ತು. ಒರೆಸಿದಷ್ಟೂ ಕೆಂಪಾಯಿತು, ಕಾಗದ ಕಿತ್ತು ಬಂತು. ಫೋನ್ ಹಿಡಿದರು, ಬರಲಿಲ್ಲ. ಎರಡನೆಯದೂ ಹಾಗೇ ಆಯಿತು. ಮೂರರಿಂದ ಮುಂದಿನವಕ್ಕೆ ಶೈಲಾ ಮೇಲೆ ಅಗಲದ ಟೇಪು ಹಚ್ಚಿದ್ದಳು. ಅವು ಸ್ವಚ್ಛವಾದವು. ಬೆರಳಿಗೆ ಬಂದ ವಿಭೂತಿಯನ್ನು ಎಲ್ಲಿ ಚೆಲ್ಲುವುದು, ನನ್ನ ಹಣೆಗೇ ಹಚ್ಚಿಕೊಂಡೆ.

"ಟೀಚರ್ ಫೋನ್ ಬ್ಯಾಡ. ನಿನ್ನ ಫೋನ್ ಹಿಡಿ" ಎಂದೆ ಪರಮೇಶಪ್ಪನಿಗೆ.

ಅವನಿಗೆ ಮನಸ್ಸಿರಲಿಲ್ಲ. ಆದರೆ ಎಲ್ಲರೂ ನೋಡುತ್ತಿದ್ದರು. ನಾಲ್ಕನೆಯದಕ್ಕೆ ಹಿಡಿದ. ಶೈಲಾಳ ದನಿ ಜಗಲಿಯ ತುದಿಯವರೆಗೆ ಕೇಳಿಸಿತು: "ನಾಲ್ಕನೇ ತರಗತಿಯ ಮಕ್ಕಳೇ, ಸೋಮವಾರಕ್ಕೆ ಪಾಠದ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಎಂಟರ ಮಗ್ಗಿ ಎರಡು ಸಲ." ನೇತ್ರಾವತಿ ಬಾಯಲ್ಲೇ ಅದನ್ನು ಹೇಳಿಕೊಂಡಳು, ಮರೆಯದಿರಲಿ ಎಂದು.

"ಇದೆಲ್ಲ ಸರಿ. ಸಾಲದ ಕರೆ?" ಎಂದ ಪರಮೇಶಪ್ಪ.

ನಾನು ಸೊಂಟದಿಂದ ನನ್ನ ಫೋನ್ ತೆಗೆದೆ. ಗುಂಡಿ ಒತ್ತುವ ಹಳೆಯ ಫೋನು. "ಇದಕ್ಕೂ ದಿನಾ ಬರ್ತಾವೆ. ಸಾಲ ಬೇಕಾ ಅಜ್ಜಿ, ಕಾರ್ ಬೇಕಾ ಅಜ್ಜಿ ಅಂತ. ಇದಕ್ಕೆ ಚೌಕ ನೋಡಾಕೆ ಕಣ್ಣೇ ಇಲ್ಲ. ನೋಡು."

ಅವನು ತಿರುಗಿಸಿ ತಿರುಗಿಸಿ ನೋಡಿದ. ಕ್ಯಾಮೆರಾ ಇರಲಿಲ್ಲ. ಹೆಂಗಸರಲ್ಲಿ ಒಬ್ಬಳು, "ನಂಗೂ ಬರ್ತಾವೆ, ನಾನು ಒಂದಿನಾನೂ ಚೌಕಕ್ಕೆ ಹಿಡಿದಿಲ್ಲ" ಎಂದಳು. ಇನ್ನೂ ಇಬ್ಬರು ಹಾಗೇ ಎಂದರು.

"ಇದ್ರಾಗೆ ಮೋಸ ಇಲ್ಲ ಅಂತ ನಾನು ಹೇಳಲ್ಲ" ಎಂದೆ ಹೆಂಗಸರಿಗೆ. "ನಾಳೆ ಯಾರಾದ್ರೂ ಇದ್ರ ಮೇಲೆ ಬೇರೆ ಚೌಕ ಹಚ್ಚಿದ್ರೆ ನಮಗೆ ಗೊತ್ತಾಗಲ್ಲ. ನಾನು ನೋಡಿದ ಎರಡು ದಿನದಾಗೆ ಕಂಡಿಲ್ಲ, ಅಷ್ಟೇ. ಬಿಡಾದೂ ಇಡಾದೂ ನಿಮ್ಮ ಕೈಯಾಗೆ ಐತೆ."

ಶೈಲಾ ಹಲ್ಲು ಕಚ್ಚಿ ನನ್ನ ಕಡೆ ನೋಡಿದಳು. ಇದನ್ನು ಹೇಳಲು ಇಷ್ಟು ದೂರ ಕರೆಸಿದೆನಾ ಎಂಬ ನೋಟ. ಆದರೆ ಪರಮೇಶಪ್ಪ ಗಡ್ಡ ಕೆರೆದುಕೊಂಡು, "ಅಜ್ಜಿ ಹೇಳಾದು ಸರಿ ಐತೆ" ಎಂದ. ತೀರ್ಮಾನ ಹೀಗಾಯಿತು: ಹಾಳೆಗಳು ಇರಲಿ. ಪ್ರತಿ ಶನಿವಾರ ಟೀಚರು ತಾಯಂದಿರ ಮುಂದೆ ಐದನ್ನೂ ತೆರೆದು ತೋರಿಸಬೇಕು. ಬೇರೆ ಯಾವ ಚೌಕವನ್ನೂ ಶಾಲೆಗೆ ಹಚ್ಚಬಾರದು. ಕುಂಕುಮದ ಮಾತು ಬಂದಾಗ ಹೆಂಗಸರು, ಇಡದೆ ಬಿಡುವುದಿಲ್ಲ ಎಂದರು. ಕೊನೆಗೆ ಶೈಲಾ, ಹೊಸ ಹಾಳೆಯ ಕೆಳಗಡೆ ಬೊಟ್ಟಿಡಲು ಒಂದು ಗೆರೆ ಹಾಕಿ ಜಾಗ ಬಿಡುತ್ತೇನೆ ಎಂದು ಒಪ್ಪಿದಳು.

ಜನ ಕರಗುವಾಗ ಪರಮೇಶಪ್ಪ ನನ್ನ ಹತ್ತಿರ ಬಂದ. "ನನ್ನ ಮೇಲೆ ಹೊರಿಸಿದ್ರಲ್ಲ ಅಜ್ಜಿ."

"ಹೊರಿಸಿದೆ. ತಪ್ಪಾತು. ಆದ್ರೆ ಅತ್ತಿತ್ತ ನೋಡಿ ಯಾಕೆ ಹತ್ತಿದೆ?"

"ಬೈದೋನೇ ಬಂದು ಕೇಳಿಸ್ಕಂತಾನೆ ಅಂತ ನಗ್ತಾರಲ್ಲ."

ಅದೂ ನಿಜವೇ. ಅಡುಗೆಮನೆಯಲ್ಲಿ ನೇತ್ರಾವತಿ ಅನ್ನ ಸಾರು ಬಡಿಸಿದಳು. ಉಪ್ಪು ಸರಿಯಾಗಿತ್ತು. ಕುಂಕುಮದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಇನ್ನೊಂದಿಷ್ಟು ಹಾಕ್ಲಾ?" ಎಂದು ಮೂರು ಸಲ ಕೇಳಿದಳು.

ಎರಡು ಗಂಟೆಗೆ ನ್ಯಾಮತಿಗೆ ಹೋಗುವ ಬಸ್ಸು. ಶೈಲಾ ಶಾಲೆಗೆ ಬೀಗ ಹಾಕುತ್ತಿದ್ದಳು. ನಾನು ಬಸ್ಸು ನಿಲ್ಲುವ ಅರಳಿಕಟ್ಟೆಗೆ ಮೊದಲೇ ಬಂದು ಕೂತೆ. ಎದುರಿಗೇ ನೇತ್ರಾವತಿಯ ಮನೆ. ಬಿಸಿಲು ಚುರುಕಾಗಿತ್ತು. ಜಗಲಿಯ ಮೇಲೆ ಕಾವ್ಯ, ಎರಡು ಜಡೆಯ ಹುಡುಗಿ, ಕುಂಟಾಬಿಲ್ಲೆಯ ಕಲ್ಲು ಕೈಯಲ್ಲಿ ಹಿಡಿದು ಹೊರಡುವುದರಲ್ಲಿದ್ದಳು.

"ಎಲ್ಲಿ ಹೊಂಟೆ?" ಒಳಗಿಂದ ನೇತ್ರಾವತಿಯ ದನಿ.

"ಆಡಾಕೆ."

"ಬರಿಯಾದಿಲ್ವಾ?"

"ಏನೂ ಕೊಟ್ಟಿಲ್ಲವ್ವ. ಮೀಟಿಂಗ್ ಇತ್ತಲ್ಲ, ಅದಕ್ಕೆ."

ನೇತ್ರಾವತಿ ಬಾಗಿಲಿಗೆ ಬಂದಳು. "ಪಾಠದ ಪ್ರಶ್ನೆಗಳಿಗೆ ಉತ್ತರ. ಎಂಟರ ಮಗ್ಗಿ ಎರಡು ಸಲ. ಕೂತ್ಕ."

ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ಬೀದಿಯ ಈಚೆಗೆ ಕೂತಿದ್ದ ನನ್ನನ್ನು ನೋಡಿದಳು. ಕಲ್ಲನ್ನು ಜಗಲಿಯ ಮೂಲೆಗೆ ಎಸೆದು, ಚೀಲದಿಂದ ಪುಸ್ತಕ ಎಳೆದು ಕೂತಳು. ಬಸ್ಸು ಬರುವವರೆಗೆ ನಡುನಡುವೆ ತಲೆ ಎತ್ತಿ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಳು. ನಾನೂ ನೋಡಿದೆ. ಶೈಲಾ ಓಡಿ ಬಂದಳು, ಬಸ್ಸು ಹತ್ತಿದೆವು. ಕಿಟಕಿಯಿಂದ ನೋಡಿದಾಗ ಹುಡುಗಿ ಬೆರಳು ಮಡಚಿ ಎಣಿಸುತ್ತ, ಮಗ್ಗಿಯನ್ನು ನನಗೆ ಬೈದ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದಳು. ಎಂಟೇಳಲಿ ಐವತ್ತಾರು ಸರಿಯಾಗಿ ಬಂತು.